ಭಾವನ ನರಹುಲಿ, ಅಕ್ಕನ ಉಪ್ಪು

ನನ್ನ ಅಕ್ಕನ ಗಂಡನಿಗೆ ದೊಡ್ಡ ಗಂಟಲು. ಆತಗೂರಿನ ಕಡೆಯ ತನ್ನ ಆಲೆಮನೆಯ ಬಾಗಿಲಲ್ಲಿ ನಿಂತು ಅವನು ಕೂಗಿದರೆ, ಕಬ್ಬಿನ ಗದ್ದೆಯ ಆ ತುದಿಯಲ್ಲಿರುವ ಆಳು ಕೈಗೆತ್ತಿಕೊಂಡ ಜಲ್ಲೆಯನ್ನು ಅಲ್ಲೇ ಬಿಟ್ಟು ಬರುತ್ತಾನೆ. ಅವನ ಫೋನ್ ಬಂದರೆ ನಾನು ಅದನ್ನು ಕಿವಿಯಿಂದ ಮೊಳ ದೂರ ಹಿಡಿಯುತ್ತೇನೆ. ಅಂಥವನು ಒಂದು ಮಧ್ಯಾಹ್ನ ಫೋನ್ ಮಾಡಿ ಪಿಸುಗುಟ್ಟಿದ. ನಾನು ಮಳವಳ್ಳಿಯಲ್ಲಿ ಗಣಿತದ ಮೇಷ್ಟ್ರು, ಆಗಷ್ಟೇ ಪಾಠ ಮುಗಿಸಿ ಬಂದಿದ್ದೆ. ಯಾರೋ ತೀರಿಕೊಂಡರು ಅಂದುಕೊಂಡೆ.

"ಲೇ, ನಾಳಿಕ್ಕೆ ಮದ್ದೂರಿಗೆ ಬಾ. ನಿಮ್ಮಕ್ಕಂಗೆ ಏಳ್ಬ್ಯಾಡ."

ಮಾರನೆಯ ದಿನ ಮದ್ದೂರಿನ ಹೋಟೆಲಿನ ಮೂಲೆಯ ಮೇಜಿನಲ್ಲಿ ಕೂತಿದ್ದ. ಮುಂದಿದ್ದ ವಡೆ ಮುಟ್ಟಿರಲಿಲ್ಲ. ಅದು ಇನ್ನೂ ದೊಡ್ಡ ಗಾಬರಿ.

"ನರೂಲಿ ಆಗವೆ ಕಣ್ಲಾ," ಅಂದ.

"ಅಷ್ಟೇನಾ? ಎಲ್ಲಿ?"

ಅವನು ಕಣ್ಣಿನಲ್ಲೇ ಮೇಜಿನ ಕೆಳಗೆ ತೋರಿಸಿದ. ನಾನು ಬಗ್ಗಿ ಅವನ ಪಾದ ನೋಡಿದೆ. "ಅಲ್ಲಲ್ಲ, ಇನ್ನೂ ವಸಿ ಮ್ಯಾಲೆ," ಅಂದ. ಅರ್ಥವಾಗುತ್ತಲೇ ನನ್ನ ಕಾಫಿ ಮೂಗಿಗೇರಿತು. ಭಾವ-ಬಾಮೈದರ ನಡುವೆ ನಗಬಾರದ ವಿಷಯ ಅಂತ ಯಾವುದೂ ಇಲ್ಲ, ನಾನು ಮನಸಾರೆ ನಕ್ಕೆ. ಅವನು ವಡೆಯ ತಟ್ಟೆಯನ್ನೇ ನೋಡುತ್ತ ಕೂತಿದ್ದ.

ಹಳ್ಳಿಮದ್ದೆಲ್ಲ ಮುಗಿಸಿಯೇ ಬಂದಿದ್ದ ಮಹಾನುಭಾವ. ನರಹುಲಿಗೆ ಕುದುರೆ ಬಾಲದ ಕೂದಲು ಕಟ್ಟಿದರೆ ಉದುರುತ್ತದೆ ಅನ್ನುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಯಾರದೋ ಮದುವೆಯ ಮೆರವಣಿಗೆಗೆ ಬಂದ ಕುದುರೆಯ ಹಿಂದೆ ನಿಂತು ಕೂದಲು ಸಂಪಾದಿಸಿದ್ದನಂತೆ.

"ಕಟ್ಟಿದ್ಯಾ ಬಾವ?"

"ಒಂದ್ಗಳಿಗೆ ಕಟ್ಟಿದ್ದೆ. ಆಮ್ಯಾಕೆ ಬಿಚ್ಬುಟ್ಟೆ. ಅದೊಂದು ಕೇಳ್ಬ್ಯಾಡ."

ಆಮೇಲೆ ಲ್ಯಾಬಿಗೆ ಹೋಗಿ ರಕ್ತ ಕೊಟ್ಟಿದ್ದ. ಎಲ್ಲ ಸರಿಯಾಗಿದೆ ಅಂದಿದ್ದರು. ರಕ್ತವೇ ಚೆನ್ನಾಗಿರುವಾಗ ಇದು ಯಾಕೆ ಹೋಗುತ್ತಿಲ್ಲ ಅನ್ನುವುದು ಅವನ ಪ್ರಶ್ನೆ. ಅಕ್ಕನಿಗೆ ಮಾತ್ರ ಕಂಕುಳಲ್ಲಿ ನರಹುಲಿ ಆಗಿದೆ ಅಂತ ಹೇಳಿದ್ದ. ಅವಳು ಹೆಚ್ಚು ಕೇಳದೆ, ಮಳವಳ್ಳಿ ಕಡೆಯ ನಮ್ಮ ದೇವತೆ ತಾಯಿಗೆ ಉಪ್ಪಿನ ಹರಕೆ ಹೊತ್ತಿದ್ದಳು. ನರಹುಲಿ ಹೋದ ಮೇಲೆ ಗುಡಿಯ ಮುಂದಿನ ಕಲ್ಯಾಣಿಗೆ ಉಪ್ಪು ಸುರಿಯಬೇಕು. ಸುರಿಯುವಾಗ ಅದು ಮೈಯ ಯಾವ ಭಾಗದಲ್ಲಿತ್ತು ಅಂತ ತಾಯಿಗೆ ಬಾಯಿಬಿಟ್ಟು ಹೇಳಬೇಕು. ಸುಳ್ಳು ಹೇಳಿದರೆ ಒಂದಿದ್ದದ್ದು ಎರಡಾಗಿ ಬರುತ್ತದೆ. ಚಿಕ್ಕವನಿದ್ದಾಗ ನಾನೂ ಅಲ್ಲಿ "ಎಡಗೈ ಹೆಬ್ಬೆಟ್ಟು" ಅಂತ ಒಪ್ಪಿಸಿ ಬಂದಿದ್ದೇನೆ.

ಮದ್ದೂರಿನಲ್ಲಿ ಎಲ್ಲರೂ ಗುರುತಿನವರು ಅಂತ ಮಂಡ್ಯಕ್ಕೆ ಹೋದೆವು. ಚರ್ಮದ ಡಾಕ್ಟರ ಬಾಗಿಲಲ್ಲಿ ಕೂತು ಬೆಂಚು ಬಿಸಿಯಾಗುವ ಮೊದಲೇ ಭಾವನ ಊರಿನವನೊಬ್ಬ ಹಾಜರಾದ.

"ಏನಣ್ಣ ಈ ಕಡೆ?"

ಭಾವ ಒಂದು ಚೂರೂ ತಡವರಿಸಲಿಲ್ಲ. "ನಮ್ ಬಾಮೈದುಂಗೆ ಕಜ್ಜಿ," ಅಂದ, ಆಲೆಮನೆಯ ಗಂಟಲಿನಲ್ಲಿ. ಬೆಂಚಿನಲ್ಲಿ ಕೂತಿದ್ದವರೆಲ್ಲ ನನ್ನಿಂದ ಸ್ವಲ್ಪ ಸರಿದು ಕೂತರು. ಆ ಮನುಷ್ಯ ಇವತ್ತಿಗೂ ನನ್ನನ್ನು ಕಂಡರೆ ಬೇವಿನ ಸೊಪ್ಪಿನ ಸ್ನಾನದ ವಿಷಯ ತೆಗೆಯುತ್ತಾನೆ.

ಒಳಗೂ ನನ್ನನ್ನು ಎಳೆದುಕೊಂಡೇ ಹೋದ. ನಾನು ಗೋಡೆಯ ಕಡೆ ತಿರುಗಿ ನಿಂತೆ. ಡಾಕ್ಟರು ಲೈಟು ಬಿಟ್ಟು, ಭೂತಗನ್ನಡಿ ಹಿಡಿದು ನೋಡಿ, "ನರಹುಲಿಯೇ. ಎಚ್‌ಪಿವಿ ಅನ್ನೋ ವೈರಸ್ಸಿಂದ ಬರುತ್ತೆ. ಬಟ್ಟೆ ಹಾಕ್ಕೊಳ್ಳಿ," ಅಂದರು.

ಭಾವನಿಗೆ ಮೋಸಹೋದಂತಾಯಿತು. "ಟೆಸ್ಟು ಮಾಡಲ್ವಾ ಸಾರ್? ಬರೀ ನೋಡ್ಬುಟ್ಟು ಏಳದಾ?"

ಡಾಕ್ಟರು ತಾಳ್ಮೆಯವರು. ಈ ವೈರಸ್ಸು ಇದೆಯೋ ಇಲ್ಲವೋ ಅಂತ ಗಂಡಸರಲ್ಲಿ ಪತ್ತೆ ಮಾಡುವ ವಾಡಿಕೆಯ ಪರೀಕ್ಷೆ ಇನ್ನೂ ಬಂದಿಲ್ಲ, ರಕ್ತದಲ್ಲಂತೂ ತಿಳಿಯುವುದಿಲ್ಲ ಅಂದರು. ಕಣ್ಣಿನಿಂದ ನೋಡಿಯೇ ಹೇಳಬೇಕು, ಅನುಮಾನ ಬಂದರೆ ಮಾತ್ರ ಚೂರು ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ಬಹಳ ಜನರಿಗೆ ಬಂದದ್ದೂ ಗೊತ್ತಾಗದೆ ತಾನಾಗಿಯೇ ಹೋಗುತ್ತದಂತೆ. ವರ್ಷಗಟ್ಟಲೆ ಮೈಯಲ್ಲಿ ಸುಮ್ಮನೆ ಕೂತಿದ್ದು ಎದ್ದರೂ ಏಳಬಹುದಂತೆ. ಆದ್ದರಿಂದ ಯಾವಾಗ ಬಂತು, ಯಾರಿಂದ ಬಂತು ಅಂತ ಯಾರೂ ಹೇಳಲಾರರು.

ಭಾವ ಇನ್ನೂ ಗೊಣಗುತ್ತಿದ್ದ. ನನಗೆ ರೇಗಿತು. ಗೋಡೆಯ ಕಡೆಯಿಂದಲೇ ಕೇಳಿದೆ. "ಕೊಪ್ಪರಿಗೆಲಿ ಪಾಕ ಬಂತು ಅಂತ ನೀನು ಯಾವ ಮಿಷಿನ್ ಇಕ್ಕಿ ನೋಡ್ತೀಯ ಬಾವ? ಕಣ್ಣಲ್ಲಿ ನೋಡೇ ತಾನೆ ಇಳಿಸದು?"

ತಣ್ಣನೆಯ ಗ್ಯಾಸು ಬಿಟ್ಟು ಅದನ್ನು ಸುಡುತ್ತೇವೆ, ಮೂರ್ನಾಲ್ಕು ಸಲ ಬರಬೇಕಾಗುತ್ತದೆ ಅಂದರು ಡಾಕ್ಟರು. ಕೊನೆಗೆ ಹೇಳಿದ್ದು ಅಸಲು ಮಾತು. "ಹೆಂಡತಿಯನ್ನೂ ಲೇಡಿ ಡಾಕ್ಟರಿಗೆ ತೋರಿಸಿ. ಈ ನರಹುಲಿ ಬರಿಸೋ ಜಾತಿ ಸಾಮಾನ್ಯವಾಗಿ ಕ್ಯಾನ್ಸರ್ ಮಾಡಲ್ಲ. ಆದರೆ ಇದರ ದಾಯಾದಿಗಳು ಮಾಡ್ತವೆ, ಜೊತೆಗೆ ಬಂದಿದ್ದರೂ ಬಂದಿರಬಹುದು. ಹೆಂಗಸರಿಗೆ ಗರ್ಭಕೋಶದ ಬಾಯಿಯ ಪರೀಕ್ಷೆ ಇದೆ. ಅವರ ವಯಸ್ಸಿಗೆ ಹೇಗಿದ್ದರೂ ಮಾಡಿಸಬೇಕಾದ್ದೇ."

ನನ್ನ ನಗು ಅಲ್ಲಿಗೆ ನಿಂತಿತು. ನಮ್ಮ ದೊಡ್ಡಮ್ಮ ಹೋದದ್ದು ಅದೇ ಗರ್ಭಕೋಶದ ಬಾಯಿಯ ಕ್ಯಾನ್ಸರಿನಲ್ಲಿ. ಯಾರಿಗೂ ಹೇಳದೆ, ಸೆರಗು ಬಿಗಿದುಕೊಂಡು ನಾಟಿಗೂ ಕಳೆಗೂ ಹೋಗಿ, ಕೊನೆಗೆ ಮಂಚ ಹಿಡಿದಾಗಲೇ ನಮಗೆ ಗೊತ್ತಾದದ್ದು. ಅಕ್ಕನನ್ನು ಅರ್ಧ ಸಾಕಿದವಳೇ ಅವಳು.

ಹೊರಗೆ ಬಂದು ಭಾವನಿಗೆ ಖಡಾಖಂಡಿತವಾಗಿ ಹೇಳಿದೆ. "ಅಕ್ಕಂಗೆ ನೀನು ಹೇಳು. ಇಲ್ಲಾಂದ್ರೆ ನಾನೇ ಹೇಳ್ತೀನಿ."

"ಯಾರ್ ಕೊಟ್ರು ಅಂತ ಕೇಳ್ತಾಳೆ ಕಣ್ಲಾ!"

"ಡಾಕ್ಟ್ರಿಗೇ ಗೊತ್ತಿಲ್ಲ ಅನ್ನು."

"ಅವಳೇನ್ ಡಾಕ್ಟ್ರು ಮಾತು ಕೇಳೋಳಾ? ಅರಕೆ ತೀರ್ಸೋದ್ರೊಳ್ಗೆ ಏಳ್ತೀನಿ ಬುಡು."

ಹೇಳಲಿಲ್ಲ. ಕಬ್ಬು ಅರೆಯುವ ಕಾಲ ಅಂದ, ನೆಂಟರು ಬಂದವ್ರೆ ಅಂದ, ಅವಳಿಗೆ ತಲೆನೋವು ಅಂದ. ಅಷ್ಟರಲ್ಲಿ ನರಹುಲಿ ಸುಟ್ಟು ಉದುರಿಹೋದವು. ಅಕ್ಕ ಫೋನ್ ಮಾಡಿ, "ನಿಮ್ಮ ಬಾವುಂಗೆ ಓಯ್ತಂತೆ. ಅವ್ವ ಕಣ್ಬುಟ್ಲು ಕಣೋ. ಸುಕ್ರವಾರ ಬತ್ತೀವಿ," ಅಂದಳು. ಮಂಡ್ಯದ ಡಾಕ್ಟರ ಕೆಲಸವನ್ನೆಲ್ಲ ತಾಯಿಯ ಲೆಕ್ಕಕ್ಕೆ ಬರೆದಾಗಿತ್ತು. ಇನ್ನು ಅಕ್ಕನನ್ನು ಯಾವ ಆಸ್ಪತ್ರೆಗೆ ಕರೆಯಲಿ? ಭಾವನ ಮೇಲೆ ನನಗೆ ಕೆಟ್ಟ ಸಿಟ್ಟು ಬಂತು. ಹರಕೆ ತೀರಿಸಿ ಗುಡಿಯ ಬಾಗಿಲು ದಾಟಿದ ತಕ್ಷಣ ನಾನೇ ಹೇಳಿಬಿಡುವುದು ಅಂತ ತೀರ್ಮಾನಿಸಿದೆ.

ಶುಕ್ರವಾರ ಅಕ್ಕ ಎರಡು ಗಂಟು ಉಪ್ಪು ತಂದಿದ್ದಳು. ಒಂದಕ್ಕೆ ಹರಸಿಕೊಂಡು ಎರಡು ಸುರಿಯುವ ಧಾರಾಳಿ ಅವಳು, ಮೊದಲಿನಿಂದಲೂ ಹಾಗೆಯೇ. ನಾನು ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ.

ಭಾವ ಕಲ್ಯಾಣಿಯ ಮೆಟ್ಟಿಲಿಳಿದು, ಒಂದು ಗಂಟು ಬಿಚ್ಚಿ, ಉಪ್ಪು ಬೊಗಸೆಯಲ್ಲಿ ಹಿಡಿದು ನಿಂತ. ನಿಂತೇ ಇದ್ದ. ಅವನ ಸಂಕಟ ನನಗೊಬ್ಬನಿಗೆ ಗೊತ್ತಿತ್ತು. ಕಂಕುಳು ಅಂದರೆ ಎರಡಾಗಿ ಬರುತ್ತದೆ. ನಿಜ ಅಂದರೆ ಅಕ್ಕ ಬೆನ್ನ ಹಿಂದೆಯೇ ನಿಂತಿದ್ದಾಳೆ. ಬೊಗಸೆಯ ಸಂದಿಯಿಂದ ಉಪ್ಪು ಸೋರತೊಡಗಿತು.

"ಏಳು ಮತ್ತೆ, ಅವ್ವ ಕಾಯ್ತಾವ್ಳೆ," ಅಂದಳು ಅಕ್ಕ.

ಪಿಸುಗುಟ್ಟಲು ಹೊರಟನೇನೋ, ಹೆದರಿಕೆಗೆ ಗಂಟಲು ತನ್ನ ಹಳೇ ಅಳತೆಗೆ ಹೋಗಿಬಿಟ್ಟಿತು. "ಅವ್ವಾ! ಕಂಕ್ಳಲ್ಲಲ್ಲ ಕಣವ್ವಾ, ಸೊಂಟದಿಂದ ಕೆಳ್ಗೆ! ಮುಂದ್ಗಡೆ! ಮಂಡ್ಯದ ಡಾಕ್ಟ್ರು ಸುಟ್ರು! ಇವಳ್ನೂ ತೋರ್ಸು ಅಂದವ್ರೆ, ನಾಚ್ಕೆ ಆಗಿ ಏಳ್ನಿಲ್ಲ, ತಪ್ಪಾಯ್ತು!"

ಆಚೆ ದಡದಲ್ಲಿ ಕಾಲು ತೊಳೆಯುತ್ತಿದ್ದ ಹೆಂಗಸರು ತಲೆ ಎತ್ತಿದರು. ಗಂಟೆ ಬಾರಿಸುತ್ತಿದ್ದ ಪೂಜಾರಿ ನಿಲ್ಲಿಸಿದ. ನಾನು ಎಲ್ಲಾದರೂ ಬಿಲ ಸಿಗುತ್ತದಾ ಅಂತ ನೋಡಿದೆ.

ಅಕ್ಕ ಬೈಯಲಿಲ್ಲ. ಮೆಟ್ಟಿಲಿಳಿದು ಅವನ ಪಕ್ಕಕ್ಕೆ ಹೋಗಿ, ಎರಡನೆಯ ಗಂಟು ಬಿಚ್ಚಿದಳು. ನೀರಿನ ಕಡೆ ಬಗ್ಗಿ, ನಮಗಿಬ್ಬರಿಗಷ್ಟೇ ಕೇಳುವಂತೆ ಮೆಲ್ಲಗೆ ಹೇಳಿದಳು. "ನಂದೂ ಅಲ್ಲೇ ಕಣವ್ವ. ಇನ್ನೂ ಓಗಿಲ್ಲ. ಉಪ್ಪ ಮುಂಚೇನೆ ತಂದಿವ್ನಿ."

ಭಾವನ ಬೊಗಸೆ ಬಿಚ್ಚಿಹೋಯಿತು, ಉಳಿದ ಉಪ್ಪೆಲ್ಲ ಅವನ ಕಾಲ ಮೇಲೆ ಬಿತ್ತು. ನನ್ನ ಕಣ್ಣಲ್ಲಿ ನೀರು ಬಂತು.

ಆ ವಾರವೇ ಮಂಡ್ಯಕ್ಕೆ ಹೋದೆವು. ಲೇಡಿ ಡಾಕ್ಟರು ಅಕ್ಕನ ನರಹುಲಿಗೆ ಚಿಕಿತ್ಸೆ ಶುರುಮಾಡಿ, ಗರ್ಭಕೋಶದ ಬಾಯಿಯ ಪರೀಕ್ಷೆಗೂ ಕಳಿಸಿದರು. ಫಲಿತಾಂಶ ಬರುವ ತನಕ ಭಾವ ಆಲೆಮನೆಯಲ್ಲಿ ಒಂದು ಸಲವೂ ಕೂಗಲಿಲ್ಲ, ಆಳುಗಳು ಅವನಿಗೆ ಜ್ವರ ಬಂದಿದೆ ಅಂದುಕೊಂಡಿದ್ದರು. ಕೊನೆಗೆ ಏನೂ ತೊಂದರೆಯಿಲ್ಲ, ಹೇಳಿದ ಹೊತ್ತಿಗೆ ಮತ್ತೆ ಪರೀಕ್ಷೆಗೆ ಬನ್ನಿ ಅಂದರು. ಯಾರಿಂದ ಯಾರಿಗೆ ಅಂತ ಇಬ್ಬರೂ ಕೇಳಿಕೊಂಡರೋ ಇಲ್ಲವೋ ನನಗೆ ಗೊತ್ತಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಭಾವನ ಗಂಟಲು ವಾಪಸ್ ಬಂತು. "ಅವ್ವಂಗೆ ಇನ್ನೊಂದ್ಸಲ ಉಪ್ಪು ಸುರೀಬೇಕು ಕಣಮ್ಮಿ!"

"ಸುರಿಯವ," ಅಂದಳು ಅಕ್ಕ ಕಿಟಕಿಯಾಚೆ ನೋಡುತ್ತ. "ಆದ್ರೆ ಇನ್ಮ್ಯಾಲೆ ಏನಾದ್ರೂ ಮೊದ್ಲು ನಂಗೇಳು, ನಾನೂ ನಿಂಗೇಳ್ತೀನಿ. ಆಮ್ಯಾಲೆ ಅವ್ವಂಗೇಳವ. ದೊಡ್ಡವ್ವ ಅವಳೊಬ್ಳಿಗೇ ಏಳ್ಕಂಡಿದ್ಲು."