ವಿಮಾನ ಕೆಟ್ಟದ್ದೇ ಒಳ್ಳೆಯದಾಯಿತು

ವಿಮಾನದ ಇಂಜಿನ್ ಕೆಡಲಿ ಎಂದು ದೇವರಿಗೆ ಹರಕೆ ಹೊತ್ತವರನ್ನು ನೀವು ಎಲ್ಲಾದರೂ ನೋಡಿದ್ದೀರಾ? ನೋಡಿಲ್ಲದಿದ್ದರೆ ಈ ಅಂಕಣದ ಮೇಲೆ ಅಚ್ಚಾಗಿರುವ ಹೆಸರನ್ನು ಇನ್ನೊಮ್ಮೆ ನೋಡಿ.

ಹದಿನೈದು ದಿನದ ಹಿಂದೆ, ಒಂದು ಶುಕ್ರವಾರ ಬೆಳಿಗ್ಗೆ, ಬೆಂಗಳೂರಿನ ವಿಮಾನ ನಿಲ್ದಾಣದ ಬೆಂಚಿನ ಮೇಲೆ ಕೂತು ನಾನು ಆ ಹರಕೆ ಹೊತ್ತೆ. ಕೆಟ್ಟರೆ ಹನ್ನೊಂದು ಈಡುಗಾಯಿ. ತಿಂಗಳ ಹಿಂದೆ ಇದೇ ಅಂಕಣದಲ್ಲಿ, ನಮ್ಮ ಸಣ್ಣ ನಿಲ್ದಾಣದ ವಿಮಾನಗಳಿಗೆ ಹೊತ್ತುಗೊತ್ತು ಇಲ್ಲ ಎಂದು ಬರೆದು ನಿಮ್ಮನ್ನೆಲ್ಲ ನಗಿಸಿದವನೂ ನಾನೇ. (ಇಬ್ಬರು ಓದುಗರು ಶಭಾಷ್ ಎಂದು ಕಾರ್ಡು ಹಾಕಿದ್ದರು. ಅವರ ಕ್ಷಮೆ ಕೇಳುತ್ತೇನೆ.)

ಆಗಿದ್ದು ಏನೆಂದರೆ, ನನ್ನ ಹೆಂಡತಿಯ ತಂಗಿ ಸರೋಜ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ನರ್ಸು. ಹೆರಿಗೆ ವಾರ್ಡಿನ ಕೆಲಸ. ಲಂಡನ್ನಿನಲ್ಲಿ ಒಂದು ವರ್ಷ ತರಬೇತಿ ಪಡೆಯಲು ಅವಳಿಗೆ ಸೀಟು ಸಿಕ್ಕಿತು. ಒಂದನೆಯ ತಾರೀಕಿನೊಳಗೆ ಹೋಗಿ ಸೇರಿಕೊಳ್ಳಬೇಕು. ಇಲ್ಲವಾದರೆ ಸೀಟು ಪಟ್ಟಿಯಲ್ಲಿ ಮುಂದಿನವರಿಗೆ. ಹಡಗಿಗೆ ಟೈಮ್ ಇರಲಿಲ್ಲ. ಬೆಂಗಳೂರಿನಿಂದ ಬೊಂಬಾಯಿಗೆ ಸಣ್ಣ ವಿಮಾನ, ಬೊಂಬಾಯಿಯಿಂದ ಲಂಡನ್ನಿಗೆ ದೊಡ್ಡ ವಿಮಾನ. ಆ ದೊಡ್ಡದು ವಾರಕ್ಕೊಂದೇ. ಅದು ತಪ್ಪಿದರೆ ಸೀಟೂ ತಪ್ಪಿದಂತೆಯೇ.

ನನ್ನ ಮಾವನವರ ಮನೆ ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿದೆ. ಆ ಬೀದಿಯಿಂದ ಆಕಾಶಕ್ಕೆ ಹೊರಟವರಲ್ಲಿ ಸರೋಜಳೇ ಮೊದಲನೆಯವಳು. ಲಂಡನ್ ಎಷ್ಟು ದೂರ, ಅಲ್ಲಿ ಚಳಿ ಎಷ್ಟು, ಇದೊಂದನ್ನೂ ನಮ್ಮ ಅತ್ತೆಯವರು ಕೇಳಲಿಲ್ಲ. ಅವರು ಕೇಳಿದ್ದು ಎರಡೇ ಪ್ರಶ್ನೆ.

“ಯಾವ ವಾರ ಹೊರಡೋದು?”

“ಶುಕ್ರವಾರ.”

“ಯಾವ ದಿಕ್ಕಿಗೆ?”

“ಪಶ್ಚಿಮಕ್ಕೆ ಅನ್ಕೊಳ್ಳಿ.”

ಮುಗಿಯಿತು. ಶುಕ್ರವಾರ ಪಶ್ಚಿಮಕ್ಕೆ ವಾರಶೂಲ. ಹೊರಡಲೇಬಾರದು. ಆದರೆ ನಮ್ಮ ಹಿರಿಯರು ಇಂಥ ಕಷ್ಟಕ್ಕೆಲ್ಲ ಒಂದು ಹಿಂಬಾಗಿಲು ಇಟ್ಟೇ ಇರುತ್ತಾರಲ್ಲ? ಅದಕ್ಕೆ ಪ್ರಸ್ಥಾನ ಇಡುವುದು ಎನ್ನುತ್ತಾರೆ. ಒಳ್ಳೆಯ ದಿನ ನೋಡಿ, ಹೊರಡುವವರ ಒಂದು ಗಂಟನ್ನು ಬೇರೆ ಯಾರದಾದರೂ ಮನೆಯಲ್ಲಿ ಇಟ್ಟು ಬರುವುದು. ಅಲ್ಲಿಗೆ ಪ್ರಯಾಣ ಹೊರಟಂತೆಯೇ ಲೆಕ್ಕ. ಆಮೇಲೆ ನಿಜವಾಗಿ ಹೊರಡುವ ದಿನ ದಾರಿಯಲ್ಲಿ ಆ ಗಂಟನ್ನು ಎತ್ತಿಕೊಂಡು ಹೋದರಾಯಿತು. ಪುರೋಹಿತರು ಬುಧವಾರ ಬೆಳಿಗ್ಗೆ ಇಡಿ ಎಂದರು.

ಇಲ್ಲಿಯವರೆಗೆ ಯಾರ ತಪ್ಪೂ ಇಲ್ಲ. ತಪ್ಪು ಮಾಡಿದವನು ನಾನು. ಅತ್ತೆಯವರು ಹಳದಿ ಬಟ್ಟೆಯಲ್ಲಿ ಒಂದು ರವಿಕೆ ಕಣ, ಎಲೆ ಅಡಿಕೆ, ಅಕ್ಷತೆ ಇಟ್ಟು ಗಂಟು ಕಟ್ಟುತ್ತಿದ್ದರು. ನನಗೆ ತಮಾಷೆ ಮಾಡುವ ಹುಕಿ ಬಂತು.

“ಅತ್ತೆ, ರವಿಕೆ ಕಣ ಇಟ್ರೆ ರವಿಕೆ ಹೊರಟಂಗಾಯ್ತು. ಸರೋಜ ಹೊರಡಬೇಕು ಅಂದ್ರೆ ಪಾಸ್‌ಪೋರ್ಟು, ಟಿಕೆಟ್ಟು ಇಡ್ಬೇಕು. ಅದಿಲ್ದೆ ಅವಳು ಎಲ್ಲಿಗೂ ಹೋಗೋ ಹಾಗಿಲ್ಲ.”

ನಾನು ನಕ್ಕೆ. ಸರೋಜಳೂ ನಕ್ಕಳು. ಅತ್ತೆಯವರು ನಗಲಿಲ್ಲ. “ಅಳಿಯಂದ್ರು ಹೇಳೋದು ಸರಿಯಾಗೈತೆ” ಎಂದು ಪಾಸ್‌ಪೋರ್ಟು, ಟಿಕೆಟ್ಟು, ಸಿಡುಬು ಬಾರದಂತೆ ದೇವಿ ಹಾಕಿಸಿದ ಸರ್ಟಿಫಿಕೇಟು ಎಲ್ಲವನ್ನೂ ಆ ಹಳದಿ ಬಟ್ಟೆಗೆ ಸೇರಿಸಿ ಗಂಟು ಬಿಗಿದರು. ಗಂಟು ಬೀದಿಯ ಪಡುವಣ ತುದಿಯಲ್ಲಿರುವ ಸಂಜೀವಮ್ಮನವರ ಮನೆಯ ದೇವರ ಗೂಡಿನಲ್ಲಿ ಕೂತಿತು. ವಿದ್ಯಾವಂತ ಅಳಿಯ ಎನ್ನಿಸಿಕೊಂಡದ್ದಕ್ಕೆ ನನಗೆ ಒಳಗೊಳಗೇ ಹಿಗ್ಗು.

ಶುಕ್ರವಾರ ಏಳು ಗಂಟೆಗೆ ಬಾಡಿಗೆ ಕಾರು ಬಂತು. ಆದರೆ ಬೀದಿಯೊಳಗೆ ಬರುವುದಕ್ಕೆ ದಾರಿ ಇರಲಿಲ್ಲ. ನೇಕಾರರ ಬೀದಿ ನೋಡಿದವರಿಗೆ ಗೊತ್ತು. ಬೆಳಗಿನ ಹೊತ್ತು ಅಲ್ಲಿ ಹಾಸು ಹಾಕಿರುತ್ತಾರೆ. ಮಗ್ಗಕ್ಕೆ ಏರಿಸುವ ನೂಲಿನ ಎಳೆಗಳನ್ನು ಬೀದಿಯುದ್ದಕ್ಕೂ ಬಿಗಿದು, ಗಂಜಿ ಹಚ್ಚಿ, ಕುಂಚದಿಂದ ತೀಡುತ್ತಾರೆ. ಅದು ಒಣಗುವವರೆಗೆ ಯಾರೂ ದಾಟಬಾರದು. ಮದುವೆ ದಿಬ್ಬಣವಾದರೂ ಸುತ್ತಿಕೊಂಡೇ ಹೋಗಬೇಕು. ಹೀಗಾಗಿ ಕಾರು ಮೂಡಣ ತುದಿಯಲ್ಲಿ ನಿಂತಿತು. ನಾವು ಪೆಟ್ಟಿಗೆ ಹೊತ್ತು ಮೂಡಣಕ್ಕೆ ನಡೆದೆವು. ಅಕ್ಕಪಕ್ಕದವರೆಲ್ಲ ಜಗುಲಿಯಲ್ಲಿ ನಿಂತು ಹರಸಿದರು. ಒಬ್ಬರು ಅರಿಶಿನ ಕುಂಕುಮ ಕೊಟ್ಟರು, ಒಬ್ಬರು ಚಕ್ಕುಲಿ ಕೊಟ್ಟರು. ಪಡುವಣ ತುದಿಯ ನೆನಪು ಯಾರಿಗೂ ಬರಲಿಲ್ಲ.

ನೆನಪು ಬಂದದ್ದು ವಿಮಾನ ನಿಲ್ದಾಣದ ಮೇಜಿನ ಮುಂದೆ. ಅಲ್ಲಿಯ ಗುಮಾಸ್ತರು “ಟಿಕೆಟ್ ಕೊಡೀಮ್ಮ” ಎಂದರು. ಸರೋಜ ನನ್ನ ಮುಖ ನೋಡಿದಳು. ನಾನು ಅತ್ತೆಯವರ ಮುಖ ನೋಡಿದೆ. ಅತ್ತೆಯವರು ಎದೆಯ ಮೇಲೆ ಕೈ ಇಟ್ಟುಕೊಂಡು ಬೆಂಚಿನ ಮೇಲೆ ಕುಸಿದರು.

ಆಗ ಗಂಟೆ ಒಂಬತ್ತೂವರೆ. ವಿಮಾನ ಹತ್ತೂವರೆಗೆ. ದೊಡ್ಡಬಳ್ಳಾಪುರಕ್ಕೆ ಹೋಗಿ ಬರಲು ಏನಿಲ್ಲವೆಂದರೂ ಮೂರು ಗಂಟೆ ಬೇಕು. ಸರೋಜ ಅಳಲಿಲ್ಲ. ನೂರಾರು ಹೆರಿಗೆ ನೋಡಿದ ಹೆಣ್ಣುಮಗಳು, ಅಷ್ಟು ಸುಲಭಕ್ಕೆ ಅಳುವವಳಲ್ಲ. “ಹೋಗ್ಲಿ ಬಿಡಿ ಭಾವ” ಎಂದಳಷ್ಟೆ. ಆ ಮಾತು ಕೇಳಿ ನನಗೆ ಭೂಮಿ ಬಾಯ್ಬಿಡಬಾರದೆ ಅನ್ನಿಸಿತು. ನಾಲ್ಕು ವರ್ಷ ಕಷ್ಟಪಟ್ಟು ಆ ಹುಡುಗಿ ಗಳಿಸಿದ್ದನ್ನು ನಾನು ಒಂದು ತಮಾಷೆಗೆ ಕಳೆದುಬಿಟ್ಟಿದ್ದೆ. ಹರಕೆ ಹೊತ್ತದ್ದು ಆಗಲೇ.

ಐದು ನಿಮಿಷ ಆಗಿರಲಿಲ್ಲ. ಒಬ್ಬ ಆಫೀಸರು ಹೊರಗೆ ಬಂದು, ಇಂಜಿನ್ನಿನಲ್ಲಿ ಏನೋ ಸ್ವಲ್ಪ ತೊಂದರೆ, ವಿಮಾನ ಲೇಟ್, ಯಾವ ಗಳಿಗೆಯಲ್ಲಾದರೂ ಹೊರಡಬಹುದು, ಪ್ರಯಾಣಿಕರು ಯಾರೂ ಜಾಗ ಬಿಟ್ಟು ಹೋಗಬಾರದು ಎಂದರು. ಹನ್ನೆರಡು ಜನ ಪ್ರಯಾಣಿಕರು ಒಟ್ಟಿಗೆ ಗೊಣಗಿದರು. ನಾನೊಬ್ಬ ಎದ್ದು ಆಫೀಸರಿಗೆ ಕೈ ಮುಗಿದೆ. (ಅವರು ನನ್ನನ್ನು ವಿಚಿತ್ರವಾಗಿ ನೋಡಿದರು.) ಬೊಂಬಾಯಿಯಲ್ಲಿ ಒಂದು ವಿಮಾನ ಕೆಟ್ಟರೆ ಇನ್ನೊಂದನ್ನು ತಂದು ನಿಲ್ಲಿಸುತ್ತಾರಂತೆ. ನಮ್ಮಂಥ ಕಡೆ ಕೆಟ್ಟರೆ ಕುರ್ಚಿ ತಂದು ಹಾಕುತ್ತಾರೆ. ಆ ಕುರ್ಚಿಗಳು ಅವತ್ತು ನನಗೆ ಎಷ್ಟು ಚೆನ್ನಾಗಿ ಕಂಡವು ಎನ್ನುತ್ತೀರಿ!

ಸರೋಜಳನ್ನೂ ಅತ್ತೆಯವರನ್ನೂ ಅಲ್ಲೇ ಬಿಟ್ಟು ಕಾರು ಹತ್ತಿದೆ. ಹನ್ನೊಂದಕ್ಕೆ ಸಂಜೀವಮ್ಮನವರ ಬಾಗಿಲಲ್ಲಿ ನಿಂತಿದ್ದೆ. ಆಕೆ ಅರವತ್ತು ದಾಟಿದ ಹೆಂಗಸು, ಎರಡು ಮಗ್ಗ ನಡೆಸುವವರು. ಜಗುಲಿಯಲ್ಲಿ ರಾಟೆ ತಿರುಗಿಸುತ್ತಿದ್ದರು.

“ಬೇಗ ಗಂಟು ಕೊಡಿ ಸಂಜೀವಮ್ಮನೋರೇ. ಸರೋಜಂದು!”

“ಸರೋಜ ಎಲ್ಲಿ?”

“ವಿಮಾನದ ಹತ್ರ ಕೂತವ್ಳೆ.”

“ಹಂಗಾದ್ರೆ ಕೊಡಾಕಿಲ್ಲ.”

ನಾನು ತಪ್ಪಾಗಿ ಕೇಳಿಸಿಕೊಂಡಿರಲಿಲ್ಲ. ಆಕೆ ರಾಟೆ ನಿಲ್ಲಿಸಿ ಬಿಡಿಸಿ ಹೇಳಿದರು. “ಪ್ರಸ್ತಾನದ ಗಂಟು ಹೊರಡೋರೇ ಕೈಯಾರೆ ತಗೋಬೇಕು ಅಳಿಯಂದ್ರೇ. ಮನೆಯೋರು ಬಂದು ವಾಪಸ್ ತಗೊಂಡೋದ್ರೆ ಪ್ರಯಾಣ ಮುರಿದಂಗೆ. ಆ ಮಗೀನ ಹುಟ್ಟಿದಾಗಿಂದ ಎತ್ತಿ ಆಡಿಸಿದ್ದೀನಿ. ಅವಳ ಪ್ರಯಾಣ ನಾನೇ ಮುರೀಲಾ?”

ನಾನು ಸರ್ಕಾರದ ಕಾನೂನು ಹೇಳಿದೆ. ಪಾಸ್‌ಪೋರ್ಟ್ ಅಂದರೇನು ಎಂದು ವಿವರಿಸಿದೆ. ಕೊನೆಗೆ ಕೂಗಾಡಿದೆ. ಮಗ್ಗಗಳ ಸದ್ದು ನಿಂತಿತು. ಒಳಗಿದ್ದವರೆಲ್ಲ ಬಂದು ನೋಡಿದರು. ಸಂಜೀವಮ್ಮ ಜಗ್ಗಲಿಲ್ಲ.

“ಸರ್ಕಾರದ್ದು ನೀವು ನೋಡ್ಕಳಿ. ಇದು ನಂಗೆ ಒಪ್ಸಿರೋದು.”

“ಅವಳು ಇಲ್ಲಿಗೆ ಬರಕ್ಕಾಗಲ್ಲ ಕಣ್ರಮ್ಮ!”

“ಅದಕ್ಯಾಕೆ ಬಡ್ಕೋತೀರಿ? ಅವಳು ಬರಕ್ಕಾಗ್ದಿದ್ರೆ ನಾನೇ ಬರ್ತೀನಿ. ಅವಳ ಕೈಗೆ ಕೊಟ್ರೆ ಆಯ್ತಲ್ಲ?”

ಇಷ್ಟು ಹೇಳಿ ಗಂಟನ್ನು ಸೆರಗಿನಲ್ಲಿ ಸುತ್ತಿಕೊಂಡು ಕಾರಿನ ಮುಂದಿನ ಸೀಟಿನಲ್ಲಿ ಕೂತೇಬಿಟ್ಟರು. ಯಲಹಂಕ ದಾಟಿ ಆಚೆ ಹೋದವರಲ್ಲ. ಸೀರೆ ಕೂಡ ಬದಲಾಯಿಸಲಿಲ್ಲ. ಅಷ್ಟು ಕೂಗಾಡಿದರೂ ನನಗೆ ಹೊಳೆಯದಿದ್ದ ದಾರಿ ಅದು.

ರಾಜಾನುಕುಂಟೆಯ ಹತ್ತಿರ ಕಾರು ಹೊಗೆಯಾಡಿ ನಿಂತಿತು. ಡ್ರೈವರು ಬಾವಿಯಿಂದ ನೀರು ತಂದು ಸುರಿದ. “ಇದಕ್ಕೂ ಕಾಯಿಲೆನಾ?” ಎಂದು ಸಂಜೀವಮ್ಮ ಕೇಳಿದರು. ನನಗೆ ಒಂದೇ ದಿಗಿಲು. ವಿಮಾನದ ಮೆಕ್ಯಾನಿಕ್ ಚುರುಕಿನ ಆಸಾಮಿಯಾಗಿದ್ದರೆ? ಇಷ್ಟು ಹೊತ್ತಿಗೆ ರಿಪೇರಿ ಮುಗಿಸಿಬಿಟ್ಟಿದ್ದರೆ?

ಮುಗಿಸಿರಲಿಲ್ಲ. ಹನ್ನೆರಡು ಮುಕ್ಕಾಲಿಗೆ ನಾವು ತಲುಪಿದಾಗ ವಿಮಾನ ಹೊಟ್ಟೆ ಬಿಚ್ಚಿಕೊಂಡು ಬಿಸಿಲಲ್ಲಿ ನಿಂತಿತ್ತು. ಸಂಜೀವಮ್ಮ ಗಂಟನ್ನು ಸರೋಜಳ ಎರಡೂ ಕೈಗೆ ಇಟ್ಟು “ಹೋಗ್ಬಿಟ್ ಬಾರವ್ವ” ಎಂದರು. ಬೆಳಿಗ್ಗೆಯಿಂದ ಅಳದಿದ್ದವಳು ಆಗ ಅತ್ತಳು. ನನ್ನ ಕಣ್ಣೂ ಒದ್ದೆಯಾಯಿತು. ಸುಳ್ಳೇಕೆ ಹೇಳಲಿ?

ಇನ್ನು ನನ್ನ ಬುದ್ಧಿಯ ಕಥೆ ಕೇಳಿ. ಹನ್ನೆರಡು ಮುಕ್ಕಾಲಿನವರೆಗೆ ಆ ಇಂಜಿನ್ ಕೆಟ್ಟೇ ಇರಲಿ ಎಂದು ಬೇಡುತ್ತಿದ್ದವನು ಒಂದು ಗಂಟೆಗೆಲ್ಲ “ಇನ್ನೂ ಎಷ್ಟು ಹೊತ್ರೀ?” ಎಂದು ಮೇಜು ಕುಟ್ಟುತ್ತಿದ್ದೆ! ಕಾರಣವೂ ಇತ್ತು. ಬೆಳಕಿರುವಾಗಲೇ ಬೊಂಬಾಯಿಯಲ್ಲಿ ಇಳಿಯಬೇಕು. ನಾಲ್ಕು ದಾಟಿದರೆ ವಿಮಾನ ನಾಳೆಗೆ ಎಂದು ಆಫೀಸರು ಹೇಳಿದ್ದರು. ನಾಳೆ ಅಂದರೆ ದೊಡ್ಡ ವಿಮಾನ ಇಲ್ಲ. ಆದರೂ, ಲೇಟ್ ಅನ್ನುವುದನ್ನು ನಾವು ಗಡಿಯಾರ ನೋಡಿ ಹೇಳುತ್ತೇವೆಯೋ, ನಮ್ಮ ಅನುಕೂಲ ನೋಡಿ ಹೇಳುತ್ತೇವೆಯೋ?

ಅಷ್ಟರಲ್ಲಿ ಮೆಕ್ಯಾನಿಕ್ ಬೇವಿನ ಮರದ ನೆರಳಿಗೆ ಬಂದರು. ಮೂವತ್ತೈದರ ಆಸುಪಾಸಿನ, ಮೊಣಕೈವರೆಗೂ ಎಣ್ಣೆ ಮೆತ್ತಿಕೊಂಡ ಮನುಷ್ಯ. ಕೂತು ಊಟದ ಡಬ್ಬಿ ಬಿಚ್ಚಿದರು. ಸೂಟು ಹಾಕಿದ್ದ ಒಬ್ಬ ವಕೀಲರು ಅವರ ಮೇಲೆ ಎಗರಿದರು. ನಾನೂ ಪಕ್ಕದಲ್ಲಿ ನಿಂತುಕೊಂಡೆ.

“ಎರಡು ಇಂಜಿನ್ ಇದೆಯಲ್ರೀ, ಒಂದರಲ್ಲೇ ಹಾರೋಕಾಗಲ್ವಾ?”

“ಒಂದರಲ್ಲೂ ಹಾರಬಹುದು ಸ್ವಾಮಿ. ಅದೂ ಕೈ ಕೊಟ್ರೆ ಏನ್ ಮಾಡ್ತೀರಿ?”

ಸಂಜೀವಮ್ಮ ನಮ್ಮಿಬ್ಬರನ್ನೂ ಪಕ್ಕಕ್ಕೆ ಸರಿಸಿ ಮುಂದೆ ಬಂದರು. “ಯಾವೂರಪ್ಪಾ?”

“ಅನುಗೊಂಡನಹಳ್ಳಿ ಅಮ್ಮ. ಹೊಸಕೋಟೆ ಹತ್ರ.”

“ಏನಾಗೈತಪ್ಪ ಅದಕ್ಕೆ?”

“ಎಣ್ಣೆ ಸೋರ್ತಾ ಐತೆ. ಒಂಚೂರೇ. ಒರೆಸಿಬಿಟ್ರೆ ಯಾರಿಗೂ ಕಾಣಾಕಿಲ್ಲ.”

“ಮತ್ತೆ ಒರೆಸಿ ಕಳಿಸೋದಲ್ವಾ?” ಎಂದರು ವಕೀಲರು.

“ನಂಗೆ ಕಾಣ್ತದಲ್ಲ ಸ್ವಾಮಿ.”

ವಕೀಲರು ಬಾಯಿ ತೆರೆಯುವಷ್ಟರಲ್ಲಿ ಸಂಜೀವಮ್ಮ ಅವರ ಕಡೆ ತಿರುಗಿದರು. “ಸುಮ್ಕಿರಿ ಬುದ್ಧಿ. ಎಳೆ ಕಡಿದಿರೋದು ಗೊತ್ತಿದ್ದೂ ಮಗ್ಗ ಓಡಿಸಿದ್ರೆ ಸೀರೆ ಪೂರ್ತಿ ಹಾಳು. ಅವ್ನು ಕೆಲ್ಸ ಗೊತ್ತಿರೋನು.” ಆಮೇಲೆ ಸರೋಜಳನ್ನು ತೋರಿಸಿ ಆತನಿಗೆ ಎಲ್ಲ ಹೇಳಿದರು. ಹೆರಿಗೆ ಮಾಡಿಸೋ ಹುಡುಗಿ, ಲಂಡನ್ನಿಗೆ ಕಲಿಯೋಕೆ ಹೋಗ್ತಾ ಇದೆ, ಇವತ್ತು ಹೋಗದಿದ್ದರೆ ಸೀಟು ಹೋಯಿತು.

ಆತ ಸರೋಜಳನ್ನು ಒಂದು ಕ್ಷಣ ನೋಡಿದರು. “ನಾಲ್ಕರೊಳಗೆ ಆಗೋ ಹಾಗಿದ್ರೆ ಮಾಡೇ ಮಾಡ್ತೀನಿ ತಾಯಿ. ಆಗ್ದಿದ್ರೆ ಮಾತ್ರ ಆಯ್ತು ಅಂತ ಸುಳ್ಳು ಹೇಳಿ ಹತ್ತಿಸಾಕಿಲ್ಲ.”

“ಹೇಳ್ಬೇಡಿ. ನಂಗೂ ಅದೇ ಬೇಕು” ಎಂದಳು ಸರೋಜ.

ಆತ ಒಂದು ತುತ್ತೂ ತಿನ್ನದೆ ಡಬ್ಬಿ ಮುಚ್ಚಿ ಬಿಸಿಲಿಗೆ ಎದ್ದು ಹೋದರು. ವಕೀಲರು ಕುರ್ಚಿಗೆ ವಾಪಸಾದರು. ನಾನು ನೀರು ಕುಡಿಯುವ ನೆಪದಲ್ಲಿ ಆಚೆ ಹೋದೆ. ನಾಚಿಕೆಯಾಗಿತ್ತು.

ಮೂರೂ ಇಪ್ಪತ್ತಕ್ಕೆ ಇಂಜಿನ್ ಗುಡುಗಿತು. ಆತ ಅದರ ಕೆಳಗೆ ತಲೆ ಓರೆ ಮಾಡಿ ನಿಂತು ತುಂಬ ಹೊತ್ತು ಕೇಳಿಸಿಕೊಂಡರು. ನಿಲ್ಲಿಸಿ ಏನೋ ಬಿಗಿದರು. ಮತ್ತೆ ಕೇಳಿಸಿಕೊಂಡರು. ಕಾಗದಕ್ಕೆ ಸಹಿ ಹಾಕಿದರು. ನಾಲ್ಕಕ್ಕೆ ಐದು ನಿಮಿಷ ಇರುವಾಗ ವಿಮಾನ ನೆಲ ಬಿಟ್ಟಿತು. ಅದು ಚುಕ್ಕೆಯಾಗುವವರೆಗೆ ನಾವು ಮೂವರೂ ಕೈ ಬೀಸಿದೆವು.

ಮೊನ್ನೆ ಲಂಡನ್ನಿನಿಂದ ತಂತಿ ಬಂತು. ದಾರಿಯಲ್ಲಿ ದೊಡ್ಡ ವಿಮಾನವೂ ಕೆಟ್ಟು ಒಂದು ದಿನ ತಡವಾಯಿತಂತೆ. ಆದರೂ ಒಂದನೆಯ ತಾರೀಕಿನ ಬೆಳಿಗ್ಗೆ ಸರೋಜ ಸೇರಿಕೊಂಡಳು. ಬೀದಿಗೆಲ್ಲ ಸಕ್ಕರೆ ಹಂಚಿದೆವು. ಪ್ರಸ್ಥಾನ ಇಟ್ಟದ್ದರಿಂದಲೇ ಆಯಿತು ಎಂದರು ಪುರೋಹಿತರು. ಹತ್ತೂವರೆಗೆ ರಾಹುಕಾಲ ಶುರುವಾಗುತ್ತಿತ್ತು, ದೇವರೇ ಇಂಜಿನ್ ಕೆಡಿಸಿ ತಪ್ಪಿಸಿದ ಎಂದರು ಅತ್ತೆಯವರು. ನಾನು ಹನ್ನೊಂದು ಈಡುಗಾಯಿ ಒಡೆದು ಬಂದೆ. ಎಲ್ಲರಿಗೂ ಸಮಾಧಾನ.

ಸಂಜೀವಮ್ಮ ಮಾತ್ರ ಸಕ್ಕರೆ ಬಾಯಿಗೆ ಹಾಕಿಕೊಳ್ಳದೆ ಕೇಳಿದರು. “ಊಟ ಬಿಟ್ಟು ಎದ್ದೋದ್ನಲ್ಲ, ಅವ್ನಿಗೆ ಹೇಳಿದ್ರಾ?”

ಹೇಳಿರಲಿಲ್ಲ. ಹೇಳೋಣವೆಂದರೆ ಆತನ ಹೆಸರು ಗೊತ್ತಿಲ್ಲ. ನಮ್ಮ ಕಡೆ ಊರು ಕೇಳಿಬಿಟ್ಟರೆ ಪರಿಚಯ ಮುಗಿಯಿತು ಅಂದುಕೊಳ್ಳುತ್ತೇವಲ್ಲ, ಆಕೆ ಊರು ಕೇಳಿದ್ದರು. ನಾನು ಅದನ್ನೂ ಕೇಳಿರಲಿಲ್ಲ, ಬೈಯುವುದಕ್ಕೆ ಮಾತ್ರ ನಿಂತಿದ್ದೆ.

ಅನುಗೊಂಡನಹಳ್ಳಿ ಕಡೆಯ ಓದುಗರೇ, ಆ ಮನುಷ್ಯ ನಿಮ್ಮ ಊರಿನವರು. ನಮ್ಮ ಹುಡುಗಿ ಹೊತ್ತಿಗೆ ಸರಿಯಾಗಿ ಸೇರಿದಳು ಅಂತ ಅವರಿಗೆ ಹೇಳುತ್ತೀರಾ?