ಗುರುಸಂಗಪ್ಪನ ಮೊಂಡ ಕಠಾರಿ

ರೋಣದ ಕಮ್ಮಾರ ಗುರುಸಂಗಪ್ಪ ಮಾಡಿದ ಕುಡಗೋಲಿನ ಬುಡದಲ್ಲಿ ಮೂರು ಚುಕ್ಕಿಗಳಿರುತ್ತವೆ. ಹೊಳೆಆಲೂರಿನ ರೈತರೂ ಆ ಚುಕ್ಕಿ ನೋಡಿಯೇ ಕೊಳ್ಳುತ್ತಾರೆ, ಅಲಗಿಗೆ ಬೆರಳು ಹಚ್ಚಿ ನೋಡುವುದಿಲ್ಲ. ನಲವತ್ತು ವರ್ಷಗಳಲ್ಲಿ ಒಂದೇ ಒಂದು ಮೊಂಡ ಅಲಗು ಅವನ ಕುಲುಮೆ ದಾಟಿಲ್ಲ.

ಕಳೆದ ಬೇಸಿಗೆಯಲ್ಲಿ ಬೆಳವಣಕಿಯ ಶಾಲೆಯಲ್ಲಿ ಇತಿಹಾಸ ಕಲಿಸುವ ವಿದ್ಯಾಶ್ರೀ ಬಂದರು. ಊರ ಹೊರಗಿನ ವೀರಗಲ್ಲಿನ ಮೇಲೆ ಕಾಗದ ಇಟ್ಟು, ಇದ್ದಿಲು ತಿಕ್ಕಿ ತೆಗೆದ ಅಚ್ಚು ಅವರ ಕೈಯಲ್ಲಿತ್ತು. ವೀರನ ಸೊಂಟದಲ್ಲಿ ಒಂದು ಕಠಾರಿ.

"ಇಂಥಾದ್ದೊಂದು ಮಾಡಿಕೊಡ್ರಿ, ಸಾಲಿ ಕಪಾಟಿನ್ಯಾಗ ಇಡತೀವಿ. ನಿಮ್ಮ ಗುರುತೂ ಹಾಕ್ರಿ, ಯಾರು ಮಾಡಿದ್ರಂತ ಹುಡುಗರಿಗೆ ಗೊತ್ತಾಗಲಿ. ಆದರ ಹರಿತ ಬ್ಯಾಡ. ಹುಡುಗರು ಮುಟ್ಟತಾರ, ಬೆಣ್ಣಿನೂ ಕೊಯ್ಯಬಾರದು."

"ಆತ್ರಿ ಅಕ್ಕಾರ," ಎಂದ ಗುರುಸಂಗಪ್ಪ. ಮೊಂಡ ಅಲಗಿನ ಮೇಲೆ ತನ್ನ ಮೂರು ಚುಕ್ಕಿ ಎಂಬುದು ಮಾತ್ರ ಗಂಟಲಿಗೆ ಸಿಕ್ಕ ಜೋಳದ ಹೊಟ್ಟಿನಂತೆ ಕೂತಿತು.

ಕಲ್ಲು ಕೆತ್ತಿದವನು ಕಠಾರಿಯನ್ನು ಒರೆಯೊಳಗೇ ಬಿಟ್ಟಿದ್ದ. ಅಲಗು ಹೇಗಿತ್ತೋ ಬಲ್ಲವರಿಲ್ಲ. ಹಾಗಾಗಿ ಮೊದಲು ಒರೆಯೇ ಆಯಿತು. ಬೇವಿನ ಕಟ್ಟಿಗೆಯ ಎರಡು ಸೀಳು ತೆಗೆದು ಒಳಗೆ ತೋಡಿದ. ಅಲ್ಲಿ ಎಂಥ ಅಲಗು ಕೂತೀತೆಂದು ತಿಳಿಯಲು, ಹೆಂಡತಿ ಕಲ್ಲವ್ವ ಹೋಳಿಗೆಗೆ ನಾದಿಟ್ಟಿದ್ದ ಕಣಕದಿಂದ ಒಂದು ಮುದ್ದೆ ಎತ್ತಿ ಅದರಲ್ಲಿ ಒತ್ತಿದ.

"ಇವತ್ತ ಹೋಳಿಗಿ ಬದಲಿ ಅದನ್ನ ತಿನ್ರಿ," ಎಂದಳು ಕಲ್ಲವ್ವ.

ಆ ಕಣಕದ ಆಕಾರಕ್ಕೆ ಹಳೆಯ ಲಾರಿಯ ಸ್ಪ್ರಿಂಗ್ ಪಾಟಾ ಕಾಯಿಸಿ ಬಡಿದ. ಒರೆಯೊಳಗೆ ಕಲ್ಲವ್ವನ ಗಜೇಂದ್ರಗಡದ ಹಳೆ ಸೀರೆಯ ತುಂಡು ಅಂಟಿಸಿ, ಮೇಲೆ ಆಡಿನ ತೊಗಲು ಹೊಲಿದ. ತಲೆಕೆಳಗೆ ಹಿಡಿದರೂ ಕಠಾರಿ ಜಾರಲಿಲ್ಲ. ಎರಡು ಬೆರಳಲ್ಲಿ ಎಳೆದರೆ ಸದ್ದಿಲ್ಲದೆ ಹೊರಬಂತು.

ಟೀಚರು ಬರುವ ದಿನ ಮುಂಜಾನೆ ಕಲ್ಲವ್ವ ಅದರಿಂದ ಒಂದು ಉಳ್ಳಾಗಡ್ಡಿ ಕೊಯ್ದು ನೋಡಿದಳು. ಸರ್ರನೆ ಇಳಿಯಿತು.

"ಇದೇನ್ರಿ, ಅಕ್ಕಾರು ಬೆಣ್ಣಿನೂ ಕೊಯ್ಯಬಾರದು ಅಂದಿದ್ರಲ್ಲ?"

"ನಾ ಏನ್ ಮಾಡ್ಲಿ, ಕೈ ತಾನ ಸಾಣಿಗಿ ಹೋತು."

"ಲಗೂನ ಮೊಂಡ ಮಾಡ್ರಿ. ಹನ್ನೊಂದಕ್ಕ ಬರ್ತಾರ."

"ನನ್ನ ಕೈಲಿ ಆಗಂಗಿಲ್ಲ. ನೀನ ಮಾಡು."

ಕಲ್ಲವ್ವ ಹೊಸ್ತಿಲ ಕಲ್ಲಿನ ಮುಂದೆ ಕೂತು ಅಲಗಿನ ಬಾಯಿಯನ್ನು ಕಲ್ಲಿಗೆ ನೆಟ್ಟಗೆ ಹಿಡಿದು ತಿಕ್ಕತೊಡಗಿದಳು. ಗುರುಸಂಗಪ್ಪ ಬೆನ್ನು ತಿರುಗಿಸಿ ನಿಂತ.

"ನಿಮ್ಮ ಸಾಣಿ ಸಪ್ಪಳ ನಲವತ್ತ ವರ್ಷ ಕೇಳೀನಿ," ಎಂದಳು. "ಇವತ್ತ ನಂದೂ ಒಂಚೂರು ಕೇಳ್ರಿ."

ವಿದ್ಯಾಶ್ರೀ ಬಂದು ಅಲಗನ್ನು ಅಂಗೈ ಮೇಲೆಳೆದು ನೋಡಿ ನಕ್ಕರು. "ಭಾಳ ಚಲೋ ಆಗೇತ್ರಿ. ಗುರುತು ಎಲ್ಲೈತಿ?"

ಗುರುಸಂಗಪ್ಪ ಒರೆಯನ್ನು ಮಗುಚಿ ತೋರಿಸಿದ. ತೊಗಲಿನ ತುದಿಯಲ್ಲಿ ಮೂರು ಚುಕ್ಕಿ.

"ಅಲಗಿನ ಮ್ಯಾಲ ಇಲ್ಲಲ್ರಿ?"

"ಒರಿ ನಂದ್ರಿ ಅಕ್ಕಾರ. ಆ ಮೊಂಡ ಬಾಯಿ ನಮ್ಮಾಕಿ ಮಾಡಿದ್ದು."

"ಹಂಗಾರ ನಂದೂ ಗುರುತ ಹಾಕ್ರಿ ಮತ್ತ," ಎಂದಳು ಕಲ್ಲವ್ವ ಒಳಗಿನಿಂದಲೇ.

ಗುರುಸಂಗಪ್ಪ ಉಳಿ ತೆಗೆದುಕೊಂಡು, ಅಲಗಿನ ಬುಡದಲ್ಲಿ ಒಂದೇ ಒಂದು ಚುಕ್ಕಿ ಹೊಡೆದ.