ಕಂಬದ ತುಕ್ಕು ಹತ್ತಿದ ಕಿವಿ

ನಮ್ಮತ್ತೆಯ ಬಲಗಿವಿಯ ಮೇಲೆ ತುಕ್ಕಿನ ಕೆಂಪು ಗುರುತೊಂದು ಸದಾ ಇರುತ್ತಿತ್ತು. ಸೀಗೆಪುಡಿ ಹಾಕಿ ತಿಕ್ಕಿ ತೊಳೆದರೂ ಮಾರನೆಯ ಬೆಳಿಗ್ಗೆ ಮತ್ತೆ ಹಾಜರು. ಬಂಗಾರಪೇಟೆ ಕಡೆಯ ಹಳ್ಳಿಯಿಂದ ಮದುವೆಯಾಗಿ ಆಂಡರ್ಸನ್‌ಪೇಟೆಗೆ ಬಂದ ಹೊಸದರಲ್ಲಿ ನಾನು ಅದನ್ನು ಮಚ್ಚೆ ಎಂದುಕೊಂಡಿದ್ದೆ. ಒಂದು ದಿನ ಅವರ ಜೊತೆ ನೀರಿಗೆ ಹೋದಾಗ ಗುಟ್ಟು ತಿಳಿಯಿತು. ನಮ್ಮ ಬೀದಿಯ ತುದಿಯಲ್ಲಿ ಗಣಿಗೆ ಕರೆಂಟು ಒಯ್ಯುವ ತಂತಿಯ ಕಬ್ಬಿಣದ ಕಂಬವಿತ್ತು. ಅತ್ತೆ ಬಿಂದಿಗೆ ಕೆಳಗಿಟ್ಟು, ಸೆರಗು ಸರಿಸಿ, ಆ ಕಂಬಕ್ಕೆ ಕಿವಿ ಒತ್ತಿ ಕಣ್ಣು ಮುಚ್ಚಿ ನಿಂತರು.

"ಬಾ, ನೀನೂ ಕೇಳು. ಗುಂಯ್ ಅಂತೈತಾ? ಅಂಗಂದ್ರೆ ಕರೆಂಟು ಓಗ್ತಾ ಐತೆ. ಕರೆಂಟು ಓಗ್ತಾ ಇದ್ರೆ ಕೇಜು ಓಡ್ತೈತೆ. ಕೇಜು ಓಡಿದ್ರೆ ನಿನ್ ಗಂಡ ಮೇಲಕ್ ಬತ್ತಾನೆ. ಇನ್ನೇನ್ ಬೇಕು? ನಡಿ, ಎಸರಿಡು."

ಕೇಜು ಎಂದರೆ ಗಣಿಯ ಆಳದಿಂದ ಜನರನ್ನು ಮೇಲಕ್ಕೆಳೆಯುವ ಕಬ್ಬಿಣದ ಗೂಡು. ನಮ್ಮ ಯಜಮಾನರು ಚಾಂಪಿಯನ್ ರೀಫ್ಸ್ ಎಂಬ ಚಿನ್ನದ ಗಣಿಯಲ್ಲಿ ಅದರೊಳಗೆ ನಿಂತು ದಿನವೂ ಕೆಳಗಿಳಿಯುತ್ತಿದ್ದರು. ನಾನೂ ಕಂಬಕ್ಕೆ ಕಿವಿ ಇಟ್ಟೆ. ನಿಜವಾಗಿಯೂ ಒಳಗೆ ಗುಂಯ್‌ಗುಡುತ್ತಿತ್ತು. ನನಗೆ ಎಷ್ಟು ಧೈರ್ಯ ಬಂತೆಂದರೆ, ಆವತ್ತು ಮೊದಲ ಸಲ ಆ ಊರಲ್ಲಿ ಹೊಟ್ಟೆ ತುಂಬ ಉಂಡೆ.

ಅತ್ತೆಗೆ ಈ ಅಭ್ಯಾಸ ಸುಮ್ಮನೆ ಬಂದದ್ದಲ್ಲ. ಮಾವನವರು ಅದೇ ಗಣಿಯಲ್ಲಿ ಬಂಡೆ ಸಿಡಿದು ಹೋದವರು. ಆವತ್ತು ಅತ್ತೆ ಜಗಲಿಯ ಮೇಲೆ ಹುರುಳಿಕಾಳು ಹಸನು ಮಾಡುತ್ತ, ಹಾಡು ಹೇಳಿಕೊಳ್ಳುತ್ತ ಕೂತಿದ್ದರಂತೆ. ಸುದ್ದಿ ಬಂದದ್ದು ಹೊತ್ತು ಮುಳುಗಿದ ಮೇಲೆ. "ಅವ್ರು ಓಗ್ಬಿಟ್ಟಿದ್ರು, ನಾನ್ ಆಡ್ಕಂಡು ಕೂತಿದ್ದೆ," ಎಂದು ಒಂದೇ ಒಂದು ಸಲ ನನ್ನ ಹತ್ತಿರ ಹೇಳಿದ್ದರು. ಆಮೇಲೆ ಅವರು ಹಾಡಿದ್ದನ್ನು ಯಾರೂ ಕೇಳಲಿಲ್ಲ. ಮಗ ಗಣಿಗೆ ಸೇರಿದ ದಿನದಿಂದ ಕಂಬಕ್ಕೆ ಕಿವಿ ಕೊಡಲು ಶುರುಮಾಡಿದರು.

ಬರಬರುತ್ತ ಬೀದಿಯ ಹೆಂಗಸರೆಲ್ಲ ಅವರನ್ನೇ ಕೇಳುವಂತಾಯಿತು. ಎದುರುಮನೆಯಾಕೆ ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ಬಾಗಿಲಿಂದಲೇ ಕೂಗುತ್ತಿದ್ದಳು: "ಏಮಕ್ಕಾ, ತಂತಿ ಏನಂತೈತೆ?" ಅತ್ತೆ ದೊಡ್ಡ ದೊರೆಯ ಗತ್ತಿನಲ್ಲಿ, "ನಡೀತಾ ಐತೆ, ನಿನ್ ಕೆಲ್ಸ ನೋಡ್ಕೋ," ಎನ್ನುವರು. ಕೆಲವು ದಿನ ಕಂಬ ಮಾತಾಡುತ್ತಿರಲಿಲ್ಲ. ಅದಕ್ಕೂ ಅವರಲ್ಲಿ ಉತ್ತರ ಸಿದ್ಧ: "ಕೇಜು ಕೆಳಗ್ ನಿಂತೈತೆ, ಜನ ಒಳಕ್ ಅತ್ಕಂತಾವ್ರೆ." ಸ್ವಲ್ಪ ಹೊತ್ತಿಗೆ ಮತ್ತೆ ಗುಂಯ್ ಎನ್ನುತ್ತಿತ್ತು. ಅತ್ತೆಯ ಮೂಗು ಇನ್ನಷ್ಟು ಮೇಲೇರುತ್ತಿತ್ತು.

ಹೀಗಿರುವಾಗ ಒಂದು ಭಾನುವಾರ ಕರೆಂಟು ನಿಲ್ಲಿಸಿ, ಲೈನಿನ ಕೆಲಸದವರು ಏಣಿ ಹಾಕಿ ಮೇಲೆ ಹತ್ತಿದರು. ಅವರು ಇಳಿದು ಹೋದ ಮೇಲೆ ನೋಡಿದರೆ, ಕಂಬದ ಎರಡು ಪಕ್ಕದಲ್ಲೂ ತಂತಿಗೆ ಏನೋ ನೇತಾಡುತ್ತಿತ್ತು. ಮೊಳದುದ್ದದ ಗಟ್ಟಿ ಸರಿಗೆ, ಅದರ ಎರಡು ತುದಿಗೆ ಎರಡು ಕಬ್ಬಿಣದ ಗುಂಡು, ನಡುವೆ ಮೇಲಿನ ತಂತಿಯನ್ನು ಕಚ್ಚಿ ಹಿಡಿದ ಕೊಂಡಿ. ಹೊರುವವನಿಲ್ಲದ ಕಾವಡಿಯ ಹಾಗಿತ್ತು. ಸೋಮವಾರ ಅತ್ತೆ ಕಂಬಕ್ಕೆ ಕಿವಿ ಇಟ್ಟರು. ಸದ್ದಿಲ್ಲ. ಸೆರಗು ಹಾರಿಹೋಗುವಷ್ಟು ಗಾಳಿ ಬೀಸುತ್ತಿದೆ, ಕಂಬ ಮಾತ್ರ ಮೂಕ. ಯಜಮಾನರು ಆಗಲೇ ಕೆಳಗಿಳಿದಿದ್ದರು.

ಅತ್ತೆ ಆ ದಿನ ಅನ್ನ ನೀರು ಮುಟ್ಟಲಿಲ್ಲ. ಹೆಂಗಸರು ಗಣಿಯ ಬಾಯಿಗೆ ಓಡಬೇಕೆಂದು ಹೊರಟು ನಿಂತಿದ್ದರು. ಅಷ್ಟರಲ್ಲಿ ಪಾಳಿ ಮುಗಿದು ಗಂಡಸರೆಲ್ಲ ನಗುನಗುತ್ತ ಬಂದರು. ಮಾರನೆಯ ದಿನವೂ ತಂತಿ ಮೂಕ, ಮಾರನೆಯ ದಿನವೂ ಎಲ್ಲರೂ ಕ್ಷೇಮ. ಆದರೂ ಬೀದಿಗೆ ಸಮಾಧಾನವಿಲ್ಲ. ಗಣಿಯಲ್ಲಿ ಏನಾದರೂ ಆದರೆ ನಮಗೆ ತಿಳಿಯಬಾರದೆಂದು ಬೇಕಂತಲೇ ತಂತಿಯ ಬಾಯಿ ಕಟ್ಟಿದ್ದಾರೆ ಎಂಬ ಮಾತು ಹಬ್ಬಿತು. ಎದುರುಮನೆಯಾಕೆಯ ಮೈದುನ ಉದ್ದದ ಗಳಕ್ಕೆ ಕಬ್ಬಿಣದ ಕೊಕ್ಕೆ ಕಟ್ಟಿಕೊಂಡು, ಕಂಬ ಹತ್ತಿ ಅದನ್ನು ಕಿತ್ತೆಸೆಯುತ್ತೇನೆಂದು ನಿಂತ. ಆ ತಂತಿ ಮುಟ್ಟಿದವನು ಸುಟ್ಟು ಕರಕಲಾಗುತ್ತಾನೆಂದು ಯಾರಿಗೆ ಗೊತ್ತಿರಲಿಲ್ಲ? ಆದರೂ ಹೆಂಗಸರು ಅವನನ್ನು ತಡೆಯಲಿಲ್ಲ. ಅವರಿಗೆ ಆ ಸದ್ದು ಅಷ್ಟು ಬೇಕಾಗಿತ್ತು.

ಅತ್ತೆ ಅವನ ಗಳ ಹಿಡಿದುಕೊಂಡರು. "ನಾಳೆ ತಂಕ ತಡ್ಕೋಳ್ಲಾ. ಅದೇನು ಅಂತ ಮೊದ್ಲು ತಿಳ್ಕಂತೀನಿ. ಆಮೇಲೆ ಬೇಕಾದ್ರೆ ನಾನೇ ಏಣಿ ಇಡೀತೀನಿ."

ಆ ಸಂಜೆ ಹಿತ್ತಲಲ್ಲಿ ನಾನು ತಂತಿಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಮಾವನವರು ನುಗ್ಗೆಮರದಿಂದ ಗೋಡೆಯ ಗೂಟಕ್ಕೆ ಬಿಗಿದಿದ್ದ ಹಳೆಯ ತಂತಿ ಅದು. ಕೊನೆಯ ಸೀರೆ ಎಳೆದುಕೊಂಡದ್ದೇ, ಬರಿದಾದ ತಂತಿ ಗಾಳಿಗೆ ಸಣ್ಣಗೆ ಗುಂಯ್ ಎಂದಿತು. ಕಡ್ಡಿ ಮುರಿಯುತ್ತಿದ್ದ ಅತ್ತೆ ತಲೆಯೆತ್ತಿದರು. ಎದ್ದು ಬಂದು ಗೂಟಕ್ಕೆ ಕಿವಿ ಇಟ್ಟರು. ನನ್ನ ಕಡೆ ತಿರುಗಿ ಕೇಳಿದರು:

"ಈ ತಂತಿಗೆ ಯಾವ್ ಕರೆಂಟು, ಅಮ್ಮಣ್ಣೀ?"

 ಅವರೊಂದು ಬಿದಿರ ಸೀಳು ತಂದು, ಎರಡು ತುದಿಗೂ ಕಲ್ಲು ಕಟ್ಟಿ, ಮೇಲೆ ಕಂಡ ಹಾಗೆಯೇ ಗೂಟದ ಹತ್ತಿರ ತಂತಿಗೆ ಬಿಗಿದರು. ಗಾಳಿ ಬೀಸುತ್ತಲೇ ಇತ್ತು. ತಂತಿ ಸುಮ್ಮನಾಯಿತು. ಬಿಚ್ಚಿದರೆ ಗುಂಯ್, ಕಟ್ಟಿದರೆ ಮೌನ. ಗೂಟದ ಪಕ್ಕದಲ್ಲಿ ಆ ತಂತಿ ಹಿಂದೊಮ್ಮೆ ತುಂಡಾಗಿ ಮಾವನವರು ತಿರುಚಿ ಸೇರಿಸಿದ್ದ ಗಂಟಿತ್ತು. ಅತ್ತೆ ಅದನ್ನು ಬೆರಳಿಂದ ಸವರಿದರು. "ಗಾಳೀಗೆ ಕುಣ್ದೂ ಕುಣ್ದೂ ಇಲ್ಲೇ ಅಲ್ವಾ ಕಿತ್ಕಂಡಿದ್ದು. ಅಲ್ಲೂ ಕುಣೀಬಾರ್ದು, ಕಿತ್ಕಬಾರ್ದು ಅಂತ ಗುಂಡು ಕಟ್ಟವ್ರೆ. ಅಷ್ಟೇಯ."

ಆಮೇಲೆ ತೊಳೆಯುವ ಕಲ್ಲಿನ ಮೇಲೆ ಕೂತುಬಿಟ್ಟರು. ಅವರು ಇಷ್ಟು ವರ್ಷ ಕೇಳಿದ್ದು ಕರೆಂಟಲ್ಲ, ಕೇಜಲ್ಲ, ಬರೀ ಗಾಳಿ. ಅವರ ಮುಖ ನೋಡಲಾಗದೆ ನಾನು ಅಂದೆ, "ನೀವ್ ಏಳ್ದಿದ್ರೆ ಯಾರ್ಗೂ ಗೊತ್ತಾಗಲ್ಲ ಅತ್ತಮ್ಮ. ಕಿತ್ತಾಕ್ಬೇಡಿ ಅಂದ್ರೆ ಸಾಕು, ನಿಮ್ ಮಾತು ಕೇಳ್ತಾರೆ."

"ಕೇಳ್ತಾರೆ, ಅದಕ್ಕೇ ನಿಜ ಏಳ್ಬೇಕು," ಅಂದರು.

ಮಾರನೆಯ ಬೆಳಿಗ್ಗೆ ಹೆಂಗಸರನ್ನೂ ಆ ಮೈದುನನನ್ನೂ ನಮ್ಮ ಹಿತ್ತಲಿಗೆ ಕರೆಸಿ, ಬಟ್ಟೆಯ ತಂತಿಗೆ ಕಲ್ಲು ಕಟ್ಟಿ ಬಿಚ್ಚಿ ತೋರಿಸಿದರು. ಕಂಬದ ಸದ್ದಿಗೂ ಗಣಿಗೂ ಸಂಬಂಧವೇ ಇಲ್ಲ, ತಾನು ತಪ್ಪು ತಿಳಿದಿದ್ದೆ ಎಂದು ಬಾಯಿಬಿಟ್ಟು ಹೇಳಿದರು. ಯಾರೋ ಕಿಸಕ್ಕನೆ ನಕ್ಕರು. ಎದುರುಮನೆಯಾಕೆಗೆ ಮಾತ್ರ ಸಿಟ್ಟು ಬಂತು. "ಇಷ್ಟ್ ವರ್ಷ ನಮ್ಗೆ ಗಾಳಿ ಕೇಳ್ಸಿದ್ಯಾ ಅಕ್ಕಾ?"

"ಊಂ. ಗಾಳೀನೇ ಕೇಳ್ಸಿದೀನಿ. ನಾನೂ ಅದ್ನೇ ನಂಬ್ಕಂಡು ಬದುಕ್ದೆ."

ತಲೆ ತಗ್ಗಿಸಲಿಲ್ಲ, ಅಳಲಿಲ್ಲ. ಮೈದುನ ತಾನಾಗಿಯೇ ಗಳದಿಂದ ಕೊಕ್ಕೆ ಬಿಚ್ಚಿದ. ಅತ್ತೆಯ ಬಗ್ಗೆ ನನಗೆ ಹೆದರಿಕೆ ಇತ್ತು, ಗೌರವವೂ ಇತ್ತು. ಹೆಮ್ಮೆ ಎಂಬುದು ಹುಟ್ಟಿದ್ದು ಆ ಹಿತ್ತಲಲ್ಲಿ. ಬೀದಿಯಲ್ಲಿ ತಮಗಿದ್ದ ಒಂದೇ ಒಂದು ದೊಡ್ಡಸ್ತಿಕೆಯನ್ನು ಅವರು ತಮ್ಮ ಕೈಯಾರೆ ಬಿಚ್ಚಿ ಕೆಳಗಿಟ್ಟಿದ್ದರು, ಇನ್ನೊಬ್ಬರ ಮನೆಯ ಹುಡುಗ ಉಳಿಯಲೆಂದು. ಅಂಥವರ ಸೊಸೆ ನಾನು ಎಂದು ಈಗಲೂ ಕೇಳಿದವರಿಗೆ, ಕೇಳದವರಿಗೆ ಹೇಳುತ್ತೇನೆ.

ಅಷ್ಟಕ್ಕೇ ಸುಮ್ಮನಾಗುವವರಲ್ಲ ಅವರು. ಮುಂದಿನ ರಜಾದಿನ ಗಂಡಸರನ್ನೆಲ್ಲ ಕಂಬದ ಹತ್ತಿರ ನಿಲ್ಲಿಸಿ ಅಪ್ಪಣೆ ಕೊಡಿಸಿದರು: ಪಾಳಿ ಮುಗಿಸಿ ಬರುವವನು ಬೀದಿಗೆ ಕಾಲಿಡುವ ಮೊದಲು ಊಟದ ಡಬ್ಬಿಯಿಂದ ಕಂಬಕ್ಕೊಂದು ಏಟು ಹಾಕಬೇಕು.

"ತಂತಿ ಯಾಕೆ ಏಳ್ಬೇಕು? ಬಂದೋನು ಬಂದೆ ಅಂತ ತಾನೇ ಏಳ್ಲಿ," ಅಂದರು.

"ಅವ್ವಾ, ನಾವೇನ್ ಸ್ಕೂಲ್ ಗಂಟೆ ಒಡ್ಯೋ ಜವಾನ್ರಾ?" ಎಂದು ನಮ್ಮ ಯಜಮಾನರು ರೇಗಿಸಿದರು. ಮಾರನೆಯ ಸಂಜೆ ಮೊದಲು ಹೊಡೆದವರೂ ಅವರೇ. ಠಣ್ ಎಂದು ಕೇಳಿದರೆ ಮನೆಮನೆಯಲ್ಲೂ ಹೆಂಗಸರು ಎದ್ದು ಮುದ್ದೆಗೆ ಎಸರಿಡುತ್ತಿದ್ದರು. ಅತ್ತೆಯ ಕಿವಿಯ ಮೇಲೆ ಮತ್ತೆಂದೂ ತುಕ್ಕು ಹತ್ತಲಿಲ್ಲ. ಜಗಲಿಯ ಮೇಲೆ ಕಾಳು ಹಸನು ಮಾಡುತ್ತ, ಠಣ್ ಎಂದಾಗ ಮೊರ ಕೆಳಗಿಟ್ಟು, ಯಾರ ಏಟು ಅದೆಂದು ನನಗೆ ಹೇಳುವರು. ತಪ್ಪಿದ್ದು ನಾ ಕಾಣೆ. ಒಂದೊಂದು ಸಲ, ಮಗನ ಏಟು ಕೇಳಿದ ಮೇಲೆ, ಮೆಲ್ಲಗೆ ಹಾಡು ಹೇಳಿಕೊಳ್ಳುವುದೂ ಇತ್ತು.

ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ, ಒಂದು ಬೆಳಿಗ್ಗೆ ಎದ್ದ ಅತ್ತೆ ಎದೆ ಹಿಡಿದುಕೊಂಡು ಮಲಗಿ, ಹಾಗೇ ಹೋದರು. ಮಧ್ಯಾಹ್ನ ಗಂಡಸರು ಚಟ್ಟ ಹೊತ್ತು ಹೊರಟರು. ನಾವು ಹೆಂಗಸರು ಅಂಗಳ ತೊಳೆದು ಒಳಗೆ ಕೂತಿದ್ದೆವು. ಬೀದಿಯ ತುದಿ ತಲುಪಿದಾಗ ಯಜಮಾನರಿಗೆ ಏನನ್ನಿಸಿತೋ, ದಾರಿಯಲ್ಲಿದ್ದ ಕಲ್ಲೊಂದನ್ನು ಎತ್ತಿಕೊಂಡು, ತಮ್ಮ ತಾಯಿಯ ಪರವಾಗಿ ಕಂಬಕ್ಕೊಂದು ಏಟು ಹಾಕಿದರಂತೆ.

ಠಣ್ ಎಂದದ್ದು ನನಗೆ ಒಳಗೆ ಕೇಳಿಸಿತು. ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದು ಎಂಬುದನ್ನೂ ಮರೆತು, ನಾನು ಎಸರಿಡಲು ಎದ್ದು ನಿಂತಿದ್ದೆ.